ಶೈಲಾ ಅತ್ತೆಗೆ ಎಂಟು ಮಾರ್ಕ್ಸು

ಹುಕ್ಕೇರಿ
8 ಜೂನ್ 2025

ಅಪ್ಪಾ,

ಮೊದಲು ನಮಸ್ಕಾರ, ಆಮೇಲೆ ಕೆಲಸದ ಮಾತು.

ಹಾಸ್ಟೆಲ್ಲಿಗೆ ಬಂದು ವಾರವಾಯಿತು. ಇಲ್ಲಿ ಯಾರೂ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ವಾರ್ಡನ್ ಕೆಂಪವ್ವ ಮೇಡಂ ಮೊದಲ ದಿನವೇ ಎಲ್ಲರ ಚೀಲ ಜಾಲಾಡಿದರು. ಆದರೆ ಕಾಗದ ಎಷ್ಟಾದರೂ ಬರೆಯಬಹುದಂತೆ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಮ್ಮ ರೂಮಿನ ಹುಡುಗಿಯರೆಲ್ಲ ನಕ್ಕರು. ಈಗ ಎಲ್ಲರೂ ಸಾಲಾಗಿ ಕುಳಿತು ಬರೆಯುತ್ತಿದ್ದಾರೆ, ಕೆಲವರು ಅಳುತ್ತಲೂ ಇದ್ದಾರೆ. ನಾನು ಅಳಲಿಲ್ಲ. ಮಂಗಳವಾರ ಸ್ವಲ್ಪ, ಅಷ್ಟೇ.

ಈಗ ನನ್ನ ಆಟಗಾರರ ಕಾರ್ಡುಗಳ ಬೈಂಡರಿನ ವಿಷಯ. ನೀನು ಅದನ್ನು ಫೈಲು ಎನ್ನುತ್ತೀಯ, ಇರಲಿ. ಅದನ್ನು ಕಪಾಟಿನಲ್ಲಿ ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಕಾರ್ಡು ಕೂತಿರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮೇಲಿನವುಗಳ ಭಾರ ಕೆಳಗಿನವುಗಳ ಮೇಲೆ ಬಿದ್ದು ಒಳಗಿನ ಉಂಗುರ ಬಾಗುತ್ತದೆ. ಒಂದು ಪುಟಕ್ಕೆ ನಾಲ್ಕೇ ಕಿಸೆ, ಒಂದು ಕಿಸೆಗೆ ಒಂದೇ ಡಬ್ಬಿ. ಕಿಟಕಿಯ ಬಿಸಿಲು ತಾಗಿದರೆ ಕಾರ್ಡಿನ ಬಣ್ಣ ಹೋಗುತ್ತದೆ. ಮಳೆಗಾಲದ ತೇವಕ್ಕೆ ಚಪ್ಪಲಿ ಅಂಗಡಿಯ ಪರಸಪ್ಪ ಕಾಕಾನ ಹತ್ತಿರ ಹೊಸ ಬೂಟಿನೊಳಗೆ ಬರುವ ಬಿಳಿ ಹರಳಿನ ಪುಡಿಕೆ ಕೇಳಿ ತಂದಿಡು. ಮಾಲಿಂಗ ಕಾಕಾ ಲಾರಿ ತೆಗೆದುಕೊಂಡು ಮುಂಬಯಿಗೆ ಹೋದಾಗಲೆಲ್ಲ ಒಂದೊಂದೇ ಕಾರ್ಡನ್ನು ಮಾರ್ಕ್ಸು ಹಾಕಿ ಡಬ್ಬಿಯಲ್ಲಿಡುವ ಗ್ರೇಡಿಂಗ್ ಕಂಪನಿಗೆ ಕೊಟ್ಟು, ಮುಂದಿನ ಟ್ರಿಪ್ಪಿಗೆ ಕಾಯ್ದು ತಂದಿದ್ದಾನೆ. ಇನ್ನೊಮ್ಮೆ ಅವನನ್ನು ಕಾಡುವ ಮುಖ ನನಗಿಲ್ಲ.

ಎಲ್ಲಕ್ಕಿಂತ ಮುಖ್ಯ, ಮೂರನೆಯ ಪುಟ. ಗೊತ್ತಿದ್ದದ್ದನ್ನೇ ಹೇಳುತ್ತಾಳೆ ಎನ್ನಬೇಡ, ನಿನ್ನ ಮರೆವು ನನಗೆ ಗೊತ್ತು. ಅಲ್ಲಿ ಮೂವರು ಕ್ರಿಕೆಟಿಗರ ಜೊತೆ ಶೈಲಾ ಅತ್ತೆಯ ಕಬಡ್ಡಿ ಕಾರ್ಡು ಇದೆ. ನಿನ್ನ ಸ್ವಂತ ತಂಗಿಯ ಕಾರ್ಡು. ನಿನ್ನ ಅವ್ವ, ನಮ್ಮ ಆಯಿ, ಅದನ್ನು ನೋಡಬಾರದು. ಆಯಿಯ ಅಣ್ಣನ ಮಗನ ಜೊತೆ ಗೊತ್ತಾಗಿದ್ದ ಮದುವೆ ಬಿಟ್ಟು ಅತ್ತೆ ಕಬಡ್ಡಿ ಕ್ಯಾಂಪಿಗೆ ಹೋದ ದಿನದಿಂದ ಆಯಿ ಅವಳ ಹೆಸರನ್ನೂ ಎತ್ತಿಲ್ಲ. ಅವಳು ಈಗ ಇರುವ ಗೋಕಾಕ ಏನು ದಿಲ್ಲಿಯೇ? ಬಸ್ಸು ಹತ್ತಿದರೆ ಒಂದು ನಿದ್ದೆಯೂ ಮುಗಿಯುವುದಿಲ್ಲ. ಆದರೂ ಕರೆಯಲು ಯಾರೂ ಹೋಗಲಿಲ್ಲ, ಕರೆಯದೆ ಅವಳು ಬರಲಿಲ್ಲ.

ಈ ಪಂಚಮಿಗಾದರೂ ನೀನು ಹೋಗಿ ಕರೆದುಕೊಂಡು ಬರುತ್ತೀಯಾ ಅಪ್ಪಾ? ಎಲ್ಲರ ಅತ್ತೆಯಂದಿರೂ ಪಂಚಮಿಗೆ ಜೋಕಾಲಿ ಆಡಲು ತವರಿಗೆ ಬರುತ್ತಾರೆ. ನನ್ನ ಅತ್ತೆಯನ್ನು ನಾನು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೋಡಬೇಕು.

ನಿನ್ನ ಮಗಳು,
ದ್ರಾಕ್ಷಾಯಿಣಿ

*

ಮೂಡಲಗಿ
14 ಜೂನ್ 2025

ನನ್ನವ್ವಾ ದ್ರಾಕ್ಷಾ,

ನಿನ್ನ ಕಾಗದ ಬಂತು. ಪೋಸ್ಟ್‌ಮನ್ ವೀರಪ್ಪ ಓಣಿಯ ಆ ತುದಿಯಿಂದಲೇ ಕೂಗಿದ. ನಮ್ಮ ಮನೆಗೆ ಬ್ಯಾಂಕಿನವರ ಹೊರತು ಯಾರೂ ಬರೆದದ್ದೇ ಇಲ್ಲವಲ್ಲ, ಅವನಿಗೂ ಹುರುಪು. ನಾನು ಓದಿದೆ, ನಿಮ್ಮ ಅವ್ವ ಓದಿಸಿಕೊಂಡಳು. ಮಂಗಳವಾರ ನೀನು ಅತ್ತದ್ದನ್ನು ಕೇಳಿ ಅವಳು ಶನಿವಾರ ಅತ್ತಳು.

ನಿನ್ನ ಫೈಲು ನಿಂತಿದೆ. ಅದರ ಎಡಕ್ಕೆ ನನ್ನ ಕಂಬಳಿ, ಬಲಕ್ಕೆ ನಿಮ್ಮ ಅವ್ವನ ಇಳಕಲ್ ಸೀರೆ, ಹೀಗಾಗಿ ಬೀಳುವ ಮಾತೇ ಇಲ್ಲ. ಪರಸಪ್ಪ ಒಂದು ಬೊಗಸೆ ಪುಡಿಕೆ ಕೊಟ್ಟ, ಎದಕ್ಕೆ ಎಂದು ಕೇಳಲಿಲ್ಲ, ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅದರ ಜೊತೆಗೆ ಪುಟಪುಟಕ್ಕೂ ಒಣ ಬೇವಿನ ಎಲೆ ಇಟ್ಟಿದ್ದೇನೆ. ನಮ್ಮ ಕಂಬಳಿಗೆ ಇಷ್ಟು ವರ್ಷದಲ್ಲಿ ಹುಳ ಬಿದ್ದಿಲ್ಲ, ನಿನ್ನ ಆಟಗಾರರಿಗೆ ಬೀಳಲು ಬಿಡುತ್ತೇನೆಯೇ?

ಫೈಲನ್ನು ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ನೋಡಬೇಡ ಎಂದು ನೀನು ಬರೆದಿಲ್ಲ. ನಿನ್ನ ಮಂಚ ಖಾಲಿ ಇದೆ, ಹೊತ್ತು ಹೋಗಬೇಕಲ್ಲ.

ಪಂಚಮಿಯ ಮಾತು ಬರೆದೆ. ನಿಮ್ಮ ಆಯಿಯ ಎದುರು ಅದನ್ನು ಎತ್ತುವ ಧೈರ್ಯ ನನಗಿಲ್ಲ. ಟಗರಿಗೆ ಹೆದರದವನು ನಾನು, ನಮ್ಮ ಅವ್ವನಿಗೆ ಹೆದರುತ್ತೇನೆ. ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಪ್ಪ,
ಸಿದ್ರಾಯ

*

ಹುಕ್ಕೇರಿ
22 ಜೂನ್ 2025

ಅಪ್ಪಾ,

ಬೇವಿನ ಎಲೆ ಇಟ್ಟಿದ್ದೀಯಾ? ತೆಗೆ! ಈ ಕಾಗದ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ತೆಗೆ. ಎಲೆಯ ಪುಡಿ ಕಿಸೆಯಲ್ಲಿ ಸೇರಿದರೆ ಡಬ್ಬಿಯ ಮೈಯೆಲ್ಲ ಗೀರು ಬೀಳುತ್ತದೆ. ಅವು ಕುರಿಯ ಉಣ್ಣೆಯಲ್ಲ ಅಪ್ಪಾ.

ತೆಗೆದೆಯಾ? ಸರಿ, ಈಗ ಮುಂದೆ ಓದು.

ನನ್ನ ರೂಮಿನಲ್ಲಿ ನಂದಿನಿ ಎಂಬ ಹುಡುಗಿ ಇದ್ದಾಳೆ, ಇದೇ ತಾಲೂಕಿನವಳು. ಗ್ರೇಡ್ ಎಂದರೆ ಏನು ಎಂದು ಅವಳಿಗೆ ಹೇಳಲು ನನಗೆ ಒಂದು ಸಂಜೆ ಬೇಕಾಯಿತು. ನಿನಗೂ ಇನ್ನೊಮ್ಮೆ ಹೇಳುತ್ತೇನೆ. ಕಂಪನಿಯವರು ಕಾರ್ಡನ್ನು ಭೂತಗನ್ನಡಿಯ ಕೆಳಗೆ ಇಟ್ಟು ನಾಲ್ಕೂ ಮೂಲೆ, ಅಂಚು, ಮೇಲ್ಮೈ ನೋಡುತ್ತಾರೆ, ಚಿತ್ರ ಸರಿಯಾಗಿ ನಡುವೆ ಅಚ್ಚಾಗಿದೆಯೇ ಎಂದು ಅಳೆಯುತ್ತಾರೆ. ಆಮೇಲೆ ಹತ್ತರವರೆಗೆ ಒಂದು ನಂಬರು ಕೊಟ್ಟು ಡಬ್ಬಿಯಲ್ಲಿ ಬೆಸೆದುಬಿಡುತ್ತಾರೆ. ಡಬ್ಬಿ ಒಡೆದರೆ ನಂಬರು ಹೋಯಿತು. ಶೈಲಾ ಅತ್ತೆಯ ಕಾರ್ಡಿನ ಎಡಮೂಲೆ ಚೂರು ಮೊಂಡಾಗಿದೆ, ಅದಕ್ಕೇ ಎಂಟು.

ನಂದಿನಿ ಕೇಳಿದಳು, ಹತ್ತು ಬಂದ ಕಾರ್ಡು ಇರುವಾಗ ಎಂಟರ ಬಗ್ಗೆಯೇ ಯಾಕೆ ಇಷ್ಟು ಮಾತು ಎಂದು. ಅತ್ತೆ ಆಡಿದ, ಆ ಕಾರ್ಡು ಅಚ್ಚು ಹಾಕಿಸಿದ ಕಬಡ್ಡಿ ಲೀಗ್ ಒಂದೇ ವರ್ಷ ನಡೆದು ನಿಂತಿತು, ಅವಳ ಕಾರ್ಡುಗಳು ಎಷ್ಟು ಉಳಿದಿವೆಯೋ ಗೊತ್ತಿಲ್ಲ. ಅತ್ತೆಯ ಹತ್ತಿರ ಇದ್ದದ್ದು ಇದೊಂದೇ. ಹೋದ ವರ್ಷ ಗೋಕಾಕದಲ್ಲಿ ನಮ್ಮ ಶಾಲೆಯ ಪಂದ್ಯ ಸೋತು ನಾನು ಮೂಲೆಯಲ್ಲಿ ಕೂತಿದ್ದಾಗ ಬಂದು, "ನೀ ಸಿದ್ರಾಯನ ಮಗಳಲ್ಲಾ?" ಎಂದು ಕೇಳಿ ಕೊಟ್ಟುಬಿಟ್ಟಳು. ಅದರ ಮೇಲೆ ಅವಳ ಹೆಸರಿನ ಕೆಳಗೆ ಮೂಡಲಗಿ ಎಂದು ಅಚ್ಚು ಹಾಕಿದ್ದಾರೆ. ನನ್ನ ಬೈಂಡರಿನಲ್ಲಿ ಯಾವ ಯಾವ ದೇಶದ ಊರಿನ ಹೆಸರೋ ಇವೆ, ನಮ್ಮ ಊರಿನದು ಇದೊಂದೇ.

ಆಯಿಗೆ ಹೇಳುವ ಧೈರ್ಯವಿಲ್ಲ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ಬೇಜಾರಾಯಿತು. ಪಂಚಮಿಗೆ ಇನ್ನೂ ಒಂದು ತಿಂಗಳಿದೆ. ಯೋಚನೆ ಮಾಡು.

ನಿನ್ನ ಮಗಳು,
ದ್ರಾಕ್ಷಾಯಿಣಿ

*

ಮೂಡಲಗಿ
2 ಜುಲೈ 2025

ದ್ರಾಕ್ಷಾ,

ಇಲ್ಲಿ ಎಲ್ಲ ಚೆನ್ನಾಗಿದೆ. ಮಳೆ ಹದವಾಗಿದೆ. ಬೇವಿನ ಎಲೆ ತೆಗೆದೆ. ಫೈಲು ಚೆನ್ನಾಗಿದೆ. ಫೈಲಿನಲ್ಲಿ ಬಹಳ ಮಟ್ಟಿಗೆ ಎಲ್ಲವೂ ಚೆನ್ನಾಗಿವೆ. ಒಂದು ಮಾತು ಕೇಳುವುದಿತ್ತು, ಸುಮ್ಮನೆ. ಡಬ್ಬಿ ಒಡೆದ ಕಾರ್ಡನ್ನು ಫೆವಿಕಾಲ್ ಹಾಕಿ ಮತ್ತೆ ಮುಚ್ಚಿದರೆ ನಂಬರು ಉಳಿಯುತ್ತದೆಯೇ?

ಅಭ್ಯಾಸ ಮಾಡು.

ಅಪ್ಪ

*

ಹುಕ್ಕೇರಿ
6 ಜುಲೈ 2025

ಅಪ್ಪಾ,

ಯಾವ ಕಾರ್ಡು?

ದ್ರಾಕ್ಷಾಯಿಣಿ

*

ಮೂಡಲಗಿ
10 ಜುಲೈ 2025

ನನ್ನವ್ವಾ,

ಎರಡೇ ಶಬ್ದ ಬರೆದೆ. ಪೂರ್ತಿ ಪುಟ ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂಕೇಶ್ವರ ಕಡೆಯ ಕುರಿ ವ್ಯಾಪಾರಿ ಹಣಮಂತ ನಮ್ಮ ಟಗರು ನೋಡಲು ಬಂದಿದ್ದ. ಚಹಾ ಕುಡಿಯುತ್ತ ಅವನು ತನ್ನ ಮಗನ ಟ್ರೋಫಿಗಳ ಮಾತು ತೆಗೆದ. ತೆಗೆದವನು ನಿಲ್ಲಿಸಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಕೈ ತೊಳೆದು, ಒರೆಸಿಕೊಂಡು, ನಿನ್ನ ಫೈಲು ತಂದು ಪಡಸಾಲೆಯಲ್ಲಿ ಅವನ ಮುಂದೆ ಬಿಚ್ಚಿದೆ. ಎರಡು ಪುಟ ತೋರಿಸಿ, ನಂಬರಿನ ಲೆಕ್ಕವನ್ನೂ ಹೇಳಿದೆ. ಮೂರನೆಯದು ಗಾಳಿಗೆ ತಾನಾಗಿಯೇ ಮಗುಚಿತು ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು. ನಾನೇ ತಿರುಗಿಸಿದೆ. ನನ್ನ ತಂಗಿಯ ಕಾರ್ಡೂ ಇದೆ ಎಂದು ಅವನು ನೋಡಲಿ ಎನಿಸಿತು, ಬಾಯಿಬಿಟ್ಟು ಹೇಳಿದೆ ಕೂಡ. ಹಿಂದೆ ನಮ್ಮ ಅವ್ವ ಜೋಳ ಹಸನು ಮಾಡುತ್ತ ಕೂತದ್ದು ನನಗೆ ನೆನಪೇ ಆಗಲಿಲ್ಲ.

ಅವ್ವ ಎದ್ದು ನಿಂತಳು. ಬಂದಳು. ಫೈಲನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತು ನೋಡಿದಳು. ಇನ್ನು ಫೈಲು ಅಂಗಳಕ್ಕೆ ಹೋಗುತ್ತದೆ ಎಂದು ನಾನು ಅದರ ಕೆಳಗೆ ಕೈ ಒಡ್ಡಿಕೊಂಡೇ ಕೂತಿದ್ದೆ. ಅವಳು ಚಿತ್ರದ ಬಗ್ಗೆ ಏನೂ ಕೇಳಲಿಲ್ಲ. ಅವಳಿಗೆ ಅಕ್ಷರ ಬಾರದಿದ್ದರೂ ಬಸ್ಸಿನ ನಂಬರು, ಸಂತೆಯ ನಂಬರು ಬರುತ್ತವೆ. ಡಬ್ಬಿಯ ತಲೆಯ ಮೇಲೆ ಬೆರಳಿಟ್ಟಳು.

"ಇದೇನ ನಂಬರ?"

ಹಣಮಂತನಿಗೆ ನಮ್ಮ ಮನೆಯ ಕಥೆ ಏನು ಗೊತ್ತು? "ಮಾರ್ಕ್ಸ್ ರೀ ಆಯಿ. ಹತ್ತಕ್ಕ ಕೊಟ್ಟಿರ್ತಾರ," ಎಂದ.

"ಈ ಟೊಪಗಿ ಹಾಕ್ಕೊಂಡಾವಗ ಎಷ್ಟ ಕೊಟ್ಟಾರ?"

"ಹತ್ತು."

"ಬಾಜೂದಾವಗ?"

"ಒಂಬತ್ತು."

"ನಮ್ಮ ಹುಡುಗಿಗಿ?"

"ಎಂಟು ರೀ."

ನಮ್ಮ ಹುಡುಗಿ ಎಂದಳು ದ್ರಾಕ್ಷಾ. ಶೈಲಾ ಹೋದಂದಿನಿಂದ ಈ ಮನೆಯಲ್ಲಿ ನಾನು ಕೇಳದ ಮಾತು ಅದು. ಅವ್ವನಿಗೆ ಅದರ ಪರಿವೆಯೇ ಇಲ್ಲ, ಆಗಲೇ ಜಗಳಕ್ಕೆ ಇಳಿದಿದ್ದಳು.

"ಎಂಟ ಕೊಟ್ಟಾವ ಯಾಂವ? ನಮ್ಮ ಶೈಲಾ ಓಡೂದ ನೋಡ್ಯಾನೇನ ಅಂವ? ಏಳ ವರ್ಷದಾಕಿ ಇದ್ದಾಗ ತಪ್ಪಿಸಿಕೊಂಡ ಹೋತನ ಬೆನ್ನ ಹತ್ತಿ ಹಿಡದ ತಂದಾಕಿ ಅಕಿ! ಈ ಟೊಪಗ್ಯಾವ ಹಿಡೀತಾನೇನ ಹೋತ?"

ಆಗ ನಾನು ನಿನ್ನ ಪಾಠ ಒಪ್ಪಿಸಿದೆ. ನಂಬರು ಶೈಲಾಗೆ ಅಲ್ಲ, ಕಾಗದಕ್ಕೆ. ಮೂಲೆ ಮೊಂಡಾಗಿದೆ, ಅದಕ್ಕೆ ಎರಡು ಕಳೆದಿದ್ದಾರೆ ಎಂದೆ. ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. "ಕೈಯಾಗ ಹಿಡೀಲಾರದ ಮಾರ್ಕ್ಸ್ ಕೊಡತಾರೇನ? ಹಲ್ಲ ನೋಡಲಾರದ, ಬೆನ್ನ ಮ್ಯಾಲೆ ಕೈ ಆಡಸಲಾರದ ನೀವು ಕುರಿ ಕೊಳ್ತೀರೇನ?" ಎಂದು ಹಣಮಂತನಿಗೇ ತಿರುಗಿ ಬಿದ್ದಳು. ಅವನು ಟಗರನ್ನೂ ನೋಡದೆ ಎದ್ದುಹೋದ.

ಮರುದಿನ ನಾನು ಹೊಲದಿಂದ ಬಂದಾಗ ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಡಕತ್ತರಿ, ಎರಡು ಹೋಳಾದ ಡಬ್ಬಿ. ಕಾರ್ಡು ಅವಳ ಅಂಗೈಯಲ್ಲಿತ್ತು, ಆ ಎಡಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನೋಡುತ್ತಿದ್ದಳು. ಚಿತ್ರದಲ್ಲಿರುವ ಶೈಲಾಳ ಹಣೆಗೆ ಭಂಡಾರ ಹಚ್ಚಿದ್ದಳು. ಅರಿಷಿಣದ ಬಣ್ಣ ನಿನಗೆ ಗೊತ್ತಲ್ಲ, ಅದು ಹೋಗುವಂಥದಲ್ಲ.

ತಪ್ಪು ನನ್ನದು. ತೋರಿಸಿ ಮೆರೆಯಬೇಕೆಂದೆ. ನನ್ನನ್ನು ಬೈ.

ನಿನ್ನ ಅಪ್ಪ,
ಸಿದ್ರಾಯ

*

ಹುಕ್ಕೇರಿ
13 ಜುಲೈ 2025

ಆಯಿ,

ಇದನ್ನು ಅಪ್ಪನ ಕೈಯಲ್ಲಿ ಓದಿಸಿಕೊ. ನಡುನಡುವೆ ಬಿಟ್ಟು ಓದಿದರೆ ನನಗೆ ಗೊತ್ತಾಗುತ್ತದೆ ಎಂದು ಅವನಿಗೆ ಹೇಳು.

ನನಗೆ ನಿನ್ನ ಮೇಲೆ ಬಹಳ ಸಿಟ್ಟು ಬಂದಿದೆ. ಆ ಕಾರ್ಡು ನನ್ನದು. ಅತ್ತೆ ನನಗೆ ಕೊಟ್ಟದ್ದು. ಅದು ಕೊಳೆಯಾಗಬಾರದು, ಮುದುಡಬಾರದು, ಯಾವಾಗಲೂ ಹೀಗೆಯೇ ಇರಬೇಕು ಎಂದು ನಾನು ಡಬ್ಬಿಯಲ್ಲಿ ಹಾಕಿಸಿದ್ದೆ. ನೀನು ಅವಳ ಹೆಸರನ್ನೂ ಹೇಳುವುದಿಲ್ಲ, ಅವಳು ಈ ಮನೆಗೆ ಬರಬಾರದು ಎನ್ನುತ್ತೀ. ಹಾಗಿದ್ದ ಮೇಲೆ ಅವಳ ಕಾರ್ಡು ನಿನಗೆ ಯಾಕೆ ಬೇಕಾಯಿತು? ನನ್ನ ಹತ್ತಿರ ಅಷ್ಟೊಂದು ಕಾರ್ಡು ಇದ್ದವು, ಒಡೆಯಲು ಬೇರೆ ಯಾವುದೂ ಸಿಗಲಿಲ್ಲವೇ?

ಉತ್ತರ ಬರೆಸು. ಬರೆಸದಿದ್ದರೆ ದೀಪಾವಳಿಗೆ ನಾನು ಬರುವುದಿಲ್ಲ.

ದ್ರಾಕ್ಷಾಯಿಣಿ

*

ಮೂಡಲಗಿ
17 ಜುಲೈ 2025

(ದ್ರಾಕ್ಷಾ, ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ತಿದ್ದಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. — ಅಪ್ಪ)

ದ್ರಾಕ್ಷಿ, ನಾ ನಿಮ್ಮ ಆಯಿ ಸಾವಿತ್ರವ್ವ ಬರಸಾಕತ್ತೇನಿ.

ಬೈದೀಯಲ್ಲಾ, ಬೈ. ಬಾಯಿ ಐತಿ ನಮ್ಮ ಮನಿ ಹೆಣಮಕ್ಕಳಿಗಿ, ನಿನಗೂ ಬಂದೈತಿ. ಡಬ್ಬಿ ಒಡದದ್ದು ನಾನ. ಸಿದ್ರಾಯಂದೇನೂ ತಪ್ಪಿಲ್ಲ, ಅಂವ ಮೊದಲಿಂದೂ ಹಂಗ, ಬಡಾಯಿ.

ಯಾಕ ಒಡದಿ ಅಂತ ಕೇಳಿದಿ. ಆ ಪ್ಲಾಸ್ಟಿಕಿನ ಮ್ಯಾಲೆ ಬೆಳಕ ಬಿದ್ದ ಅಕಿ ಮಾರಿ ನನಗ ನೆಟ್ಟಗ ಕಾಣಲಿಲ್ಲ. ನನ್ನ ಕಣ್ಣ ಮೊದಲ ಮಬ್ಬ. ಮೊಳಕಾಲಿಗಿ ಬಿಳೇದೇನೋ ಸುತ್ತಿದ್ದಾಳ ಅಕಿ. ಪಟ್ಟಿ ಐತೋ, ಆಟದಾಗ ಹಂಗ ಕಟ್ಟೂದ ಐತೋ ತಿಳೀಲಿಲ್ಲ. ತಗದ ನೋಡೀನಿ. ಪಟ್ಟೀನ ಐತಿ. ಏನಾಗಿತ್ತ ಅಕೀಗಿ? ಯಾರನ್ನ ಕೇಳ್ಲಿ ನಾ? ನೀ ಭೆಟ್ಟಿ ಆಗೀಯಂತಲ್ಲ, ಕುಂಟತಾಳೇನ?

ಭಂಡಾರ ಯಾಕ ಹಚ್ಚಿದಿ ಅಂದ್ರ, ಮನಿ ಬಿಟ್ಟ ಹೊಂಟ ಮಕ್ಕಳಿಗಿ ಹಚ್ಚಿ ಕಳಸ್ತೇವಿ. ನಿನಗ ಹಚ್ಚಿದ್ನಿಲ್ಲ, ಹುಕ್ಕೇರಿಗಿ ಹೋಗೂ ಮುಂದ? ಅಕೀಗಿ ಹಚ್ಚಿದ್ದಿಲ್ಲ. ಅಕಿ ಬಗ್ಗಿ ನಿಂತಿದ್ಲು, ನಾ ಒಳಗ ಹೋಗಿ ಬಾಗಲ ಹಾಕ್ಕೊಂಡಿದ್ನಿ.

ಇನ್ನೊಂದ ಮಾತ. ಇದನ್ನ ನಿಮ್ಮಪ್ಪಗೂ ಹೇಳಿದ್ದಿಲ್ಲ, ಈಗ ಬರಕೋಂತ ಕೇಳಾಕತ್ತಾನ. ಅಕಿ ಮದವಿ ಮುರದ ಹೋದಮ್ಯಾಲೆ ಮಮದಾಪುರದಾಗಿನ ನಮ್ಮಣ್ಣ ನನ್ನ ಪಂಚಮಿಗಿ ಕರಿಯಾಕ ಬರೂದ ಬಿಟ್ಟ. ವರ್ಷಾ ವರ್ಷಾ ಪಂಚಮಿ ಉಂಡಿ ಕಟ್ಟೂ ಮುಂದ ನನ್ನ ಕಿವಿ ಬಾಗಲ ಕಡೇನ ಇರತಾವ. ಮುದುಕಿ ಆಗೇನಿ, ನಾಚಿಕಿ ಬರಬೇಕ ನನಗ. ಆ ಸಿಟ್ಟ ಎಲ್ಲಾ ಅಕಿ ಮ್ಯಾಲೆ ಹಾಕಿದ್ನಿ. ಅಣ್ಣನ ಮ್ಯಾಲೆ ಹಾಕಾಕ ಆಗಲಿಲ್ಲ.

ಹಂಗಂತ ಅಕೀನ ಕರೀರಿ ಅಂತ ನಾ ಯಾರಿಗೂ ಹೇಳಾಂಗಿಲ್ಲ. ಬಾಗಲಕ್ಕ ಕೀಲಿ ಹಾಕಿಲ್ಲ. ಬರಬೇಕಂದ್ರ ಬರಲಿ.

ಆ ಕಂಪನಿಯಾವರಿಗಿ ನೀ ಇಂಗ್ಲಿಷಿನ್ಯಾಗ ಒಂದ ಕಾಗದ ಬರಿ. ಎಂಟ ಕಮ್ಮಿ ಆತು ಅಂತ ಹೇಳು. ಡಬ್ಬಿ ಒಡದದ್ದಕ್ಕ ಸಿಟ್ಟ ಮಾಡಕೋಬ್ಯಾಡ ನನ್ನ ಬಂಗಾರ. ದೀಪಾವಳಿಗಿ ಬಾ.

ಸಾವಿತ್ರವ್ವ (ಹೆಬ್ಬೆಟ್ಟು)

*

ಹುಕ್ಕೇರಿ
19 ಜುಲೈ 2025

ಪ್ರೀತಿಯ ಶೈಲಾ ಅತ್ತೆ,

ನಿನ್ನ ಗೋಕಾಕದ ವಿಳಾಸವನ್ನು ನಮ್ಮ ಪಿ.ಟಿ. ಮೇಡಂ ಕೊಟ್ಟರು. ತಪ್ಪು ವಿಳಾಸಕ್ಕೆ ಹೋಗಿ ಬೇರೆ ಯಾರಾದರೂ ಓದುತ್ತಿದ್ದರೆ ದಯವಿಟ್ಟು ತಾಲೂಕು ಮೈದಾನದಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುವ ಶೈಲಾ ಅವರಿಗೆ ಮುಟ್ಟಿಸಿರಿ.

ನೀನು ಕೊಟ್ಟ ಕಾರ್ಡಿಗೆ ನಾನು ಹಾಕಿಸಿದ್ದ ಡಬ್ಬಿಯನ್ನು ಆಯಿ ಒಡೆದಳು. ನಿನ್ನ ಎಂಟು ಈಗ ಇಲ್ಲ. ಕಾರ್ಡನ್ನು ಕಾಯುತ್ತೇನೆ ಎಂದು ನಿನಗೆ ಮಾತು ಕೊಟ್ಟಿದ್ದೆ, ಕಾಯಲಾಗಲಿಲ್ಲ, ಕ್ಷಮಿಸು. ಯಾಕೆ ಒಡೆದಳು ಎಂಬುದನ್ನು ನಾನು ಹೇಳುವುದಕ್ಕಿಂತ ಅವಳ ಮಾತೇ ಹೇಳಲಿ ಎಂದು ಆಯಿಯ ಕಾಗದ ಮತ್ತು ಅಪ್ಪನ ಕಾಗದ ಎರಡನ್ನೂ ಇದರಲ್ಲಿ ಇಟ್ಟಿದ್ದೇನೆ. ಹೋತದ ಮಾತು ಬರುವಲ್ಲಿ ನಂದಿನಿ ಮತ್ತು ನಾನು ಹೊಟ್ಟೆ ಹಿಡಿದು ನಕ್ಕೆವು. ಮೊಳಕಾಲಿನ ಮಾತು ಬರುವಲ್ಲಿ ನಗಲಿಲ್ಲ.

ನಾನು ಆ ಕಾರ್ಡನ್ನು ಎಷ್ಟು ಸಲ ನೋಡಿದ್ದೇನೆ! ಮೂಲೆ ನೋಡಿದ್ದೇನೆ, ಅಂಚು ನೋಡಿದ್ದೇನೆ. ನಿನ್ನ ಮೊಳಕಾಲಿನ ಪಟ್ಟಿಯನ್ನು ನೋಡಿರಲಿಲ್ಲ.

ಏನಾಗಿತ್ತು ಅತ್ತೆ? ಆಯಿ ಕೇಳುತ್ತಿದ್ದಾಳೆ. ಪಂಚಮಿಗೆ ಬಾ. ಬಾಗಿಲಿಗೆ ಕೀಲಿ ಹಾಕಿಲ್ಲವಂತೆ.

ನಿನ್ನ ಸೊಸೆ,
ದ್ರಾಕ್ಷಾಯಿಣಿ

*

ಗೋಕಾಕ
22 ಜುಲೈ 2025

ದ್ರಾಕ್ಷಾ ಚಿನ್ನ,

ನಿನ್ನ ಕಾಗದ ನನಗೇ ಮುಟ್ಟಿತು, ಚಿಂತೆ ಮಾಡಬೇಡ. ಕಾರ್ಡಿನ ಚಿಂತೆಯನ್ನೂ ಬಿಡು. ನಿಜ ಹೇಳಬೇಕೆಂದರೆ ನನಗೆ ಎಂಟು ಕೊಟ್ಟದ್ದೇ ಹೆಚ್ಚು. ಆ ಸೀಸನ್ನಿನಲ್ಲಿ ನಾನು ಔಟಾದದ್ದನ್ನು ಅವ್ವ ನೋಡಿದ್ದರೆ ಆರು ಸಾಕು ಎನ್ನುತ್ತಿದ್ದಳು.

ಮೊಳಕಾಲಿನ ಲಿಗಮೆಂಟ್ ಹರಿದಿತ್ತು. ಕಾರ್ಡಿನ ಫೋಟೋ ತೆಗೆದದ್ದು ಅದರ ಮರುವಾರ. ಪಟ್ಟಿ ಬಿಗಿದುಕೊಂಡೇ ಆಡಿದೆ. ಆಪರೇಷನ್ ಆದಾಗ ಕೋಚ್ ಬಂದರು, ಟೀಮಿನವರು ಹಣ್ಣು ತಂದರು. ಮನೆಯಲ್ಲಿ ಗೊತ್ತಿರಲಿಲ್ಲ, ನಾನೇ ತಿಳಿಸಲಿಲ್ಲ. ತಿಳಿಸಿದ ಮೇಲೂ ಯಾರೂ ಬಾರದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಈಗ ಕುಂಟುವುದಿಲ್ಲ. ಚಳಿಗಾಲದಲ್ಲಿ ಮೆಟ್ಟಿಲು ಹತ್ತುವಾಗ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಅವ್ವನಿಗೆ ಬರೆಯುವುದಾದರೆ ಬರೀ ಚೆನ್ನಾಗಿದೆ ಎಂದು ಬರೆ.

ಅವಳ ಕಾಗದವನ್ನು ನಾನು ಮೈದಾನದ ಮೆಟ್ಟಿಲ ಮೇಲೆ ಕೂತು ಓದಿದೆ. ಮಾಮಾ ಅವಳನ್ನು ಕರೆಯಲು ಬರುವುದನ್ನು ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ನನ್ನಿಂದ ಅವ್ವನ ತವರು ಹೋಯಿತು. ಆ ಮದುವೆ ಬೇಡ ಎಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಆದರೆ ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಆದರೂ ನಾನು ಬರುವುದಿಲ್ಲ ಚಿನ್ನ. ಬಾಗಿಲಿಗೆ ಕೀಲಿ ಹಾಕಿಲ್ಲ ಎನ್ನುವುದೇ ಬೇರೆ, ಬಾ ಎನ್ನುವುದೇ ಬೇರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಗಾಡಿ ತಂದು ಕರೆದೊಯ್ಯುತ್ತಾರೆ. ನನ್ನ ಹಾಗೆ ಆಟಕ್ಕೆಂದು ಹೋದವಳನ್ನು ಕರೆಯುವ ರೂಢಿ ಯಾರಿಗೂ ಇಲ್ಲ. ಪ್ರತಿ ಪಂಚಮಿಗೂ ಇಲ್ಲಿಯ ಹುಡುಗಿಯರು ಊರಿಗೆ ಹೋಗುತ್ತಾರೆ, ನಾನು ಖಾಲಿ ಅಂಕಣಕ್ಕೆ ಸುಣ್ಣದ ಗೆರೆ ಹೊಡೆಯುತ್ತ ಇರುತ್ತೇನೆ. ಒಂದು ಸಲ ಕರೆದರೆ ಸಾಕು, ನಡೆದುಕೊಂಡಾದರೂ ಬರುತ್ತೇನೆ. ಕರೆಯದೆ ಹೋಗಿ, ಅವ್ವ ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನನಗೆ ತಡೆಯಲಾಗುವುದಿಲ್ಲ. ಒಮ್ಮೆ ತಡೆದುಕೊಂಡದ್ದೇ ಸಾಕಾಗಿದೆ.

ಇದನ್ನು ಮನೆಯಲ್ಲಿ ಹೇಳಬೇಡ. ನಮ್ಮಿಬ್ಬರಲ್ಲೇ ಇರಲಿ.

ನಿನ್ನ ಅತ್ತೆ,
ಶೈಲಾ

*

ಹುಕ್ಕೇರಿ
24 ಜುಲೈ 2025

ಅಪ್ಪಾ,

ಇದರ ಜೊತೆ ಇರುವುದು ಶೈಲಾ ಅತ್ತೆಯ ಕಾಗದ. ಮನೆಯಲ್ಲಿ ಹೇಳಬೇಡ ಎಂದಿದ್ದಾಳೆ. ಹಾಗಾಗಿ ನಾನು ಏನೂ ಹೇಳುವುದಿಲ್ಲ. ನೀನು ಆಯಿಗೆ ಓದಿ ಹೇಳು. ಈ ಸಲ ಹೆದರಬೇಡ.

ದ್ರಾಕ್ಷಾಯಿಣಿ

*

ಮೂಡಲಗಿ
30 ಜುಲೈ 2025

ದ್ರಾಕ್ಷಾ ಚಿನ್ನ,

ಮೇಲೆ ಊರಿನ ಹೆಸರು ಓದಿದೆಯಾ? ಇನ್ನೊಮ್ಮೆ ಓದು. ಇದನ್ನು ನಾನು ನಿನ್ನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಳಬೇಡ ಎಂದದ್ದನ್ನು ಪೋಸ್ಟಿಗೆ ಹಾಕಿದೆಯಲ್ಲ ಕಳ್ಳಿ, ದೀಪಾವಳಿಗೆ ಬಾ, ಕಿವಿ ಹಿಂಡುತ್ತೇನೆ. ನಿನ್ನ ಬೈಂಡರು ನೋಡಿದೆ. ಕಾರ್ಡನ್ನು ನಿಮ್ಮ ಅಪ್ಪ ಅದರ ಹಳೆಯ ಕಿಸೆಯಲ್ಲೇ ಇಟ್ಟಿದ್ದಾನೆ, ಡಬ್ಬಿಯಿಲ್ಲದೆ ಸಡಿಲವಾಗಿ ಅಲ್ಲಾಡುತ್ತದೆ. ಅದನ್ನು ಏನು ಮಾಡಬೇಕೋ ನೀನೇ ಬಂದು ನೋಡಿಕೊ. ನಡೆದದ್ದನ್ನು ಮಾತ್ರ ನಾನು ಹೇಳುತ್ತೇನೆ.

ಪಂಚಮಿಯ ಹಿಂದಿನ ದಿನ, ಸೋಮವಾರ ಸಂಜೆ. ಮುಂದಿನ ತಿಂಗಳು ಪಂದ್ಯಗಳಿವೆ, ಅದಕ್ಕೆ ಹುಡುಗಿಯರನ್ನು ಊರಿಗೆ ಬಿಡದೆ ಪ್ರಾಕ್ಟೀಸಿಗೆ ಹಿಡಿದಿದ್ದೆ. ಬಾಯಲ್ಲಿ ಸೀಟಿ ಇತ್ತು. ಗೇಟಿನ ಹತ್ತಿರ ಅಣ್ಣನ ಮೋಟಾರ್ ಸೈಕಲ್ ನಿಂತದ್ದು ಕಂಡಿತು. ಅವನು ಒಳಗೆ ಬರಲಿಲ್ಲ, ಅಲ್ಲೇ ನಿಂತ. ಹಿಂದಿನ ಸೀಟಿನಿಂದ ಇಳಿದವಳು ಸೀರೆ ಕೊಡವಿಕೊಂಡು, ಯಾರನ್ನೂ ಕೇಳದೆ, ನೆಟ್ಟಗೆ ಮೈದಾನದ ನಡುವೆ ನಡೆದು ಬಂದಳು. ಸಣ್ಣಗಾಗಿದ್ದಾಳೆ ಅವ್ವ. ಅಷ್ಟು ಸಣ್ಣಗಾಗಿರುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

"ಅಜ್ಜಿ, ಗೆರಿ ತುಳೀಬ್ಯಾಡ್ರಿ!" ಎಂದು ಹುಡುಗಿಯರು ಕೂಗಿದರು. ಅವಳು ತುಳಿದುಕೊಂಡೇ ಬಂದಳು. ಅಂಕಣದ ನಡುವೆ ನನ್ನ ಎದುರು ನಿಂತು ಮೊದಲು ಮೊಳಕಾಲು ನೋಡಿದಳು, ಆಮೇಲೆ ಮುಖ.

"ಕರಿಯಾಕ ಬಂದೇನಿ," ಎಂದಳು.

ತಾಯಿ ಕರೆಯಲು ಬರುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಅಣ್ಣ ಬರುತ್ತಾನೆ, ತಮ್ಮ ಬರುತ್ತಾನೆ. ಗೇಟಿನ ಹತ್ತಿರ ನಿಂತಿದ್ದವನನ್ನು ಅವಳು ಬರೀ ಗಾಡಿ ಹೊಡೆಯಲು ಕರೆದುಕೊಂಡು ಬಂದಿದ್ದಳು.

ಈ ದಿನ ಬಂದರೆ ಏನೇನು ಹೇಳಬೇಕು ಎಂದು ಎಷ್ಟೋ ವರ್ಷ ಮನಸ್ಸಿನಲ್ಲೇ ಆಡಿಕೊಂಡಿದ್ದೆ ದ್ರಾಕ್ಷಾ. ಒಂದೂ ನೆನಪಾಗಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಪ್ರಾಕ್ಟೀಸ್ ಇನ್ನೂ ಮುಗದಿಲ್ಲವ್ವ." ಇದೇ ಆಟಕ್ಕಾಗಿ ಮನೆ ಬಿಟ್ಟವಳು, ಮನೆಯೇ ನಡೆದು ಬಂದಾಗಲೂ ಇದನ್ನೇ ಆಡಿದೆನಲ್ಲ ಎನಿಸಿತು. ಅವಳು ತಿರುಗಿ ಹೋಗಿದ್ದರೆ ನಾನು ಯಾರನ್ನೂ ದೂರುವಂತಿರಲಿಲ್ಲ.

ಅವ್ವ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವರ ಮಣ್ಣಾದ ಮೊಳಕಾಲು, ಕಟ್ಟಿದ ಜಡೆ ಎಲ್ಲ ನೋಡಿದಳು. ಆಮೇಲೆ, "ಮುಗಸು. ನಾ ಕುಂದರತೇನಿ," ಎಂದು ಹೋಗಿ ಮೆಟ್ಟಿಲ ಮೇಲೆ ಕೂತಳು. ಎಲೆ ಅಡಿಕೆಯ ಚೀಲ ತೆಗೆದವಳು ಅದನ್ನು ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡಳು.

ನಾನು ಸೀಟಿಯನ್ನು ಒಬ್ಬ ಹುಡುಗಿಗೆ ಕೊಟ್ಟು ನಾನೇ ಅಂಕಣಕ್ಕೆ ಇಳಿದೆ. ಕಬಡ್ಡಿ ಎನ್ನುತ್ತ ರೇಡ್ ಮಾಡಿ ಯಾವ ಕಾಲವಾಗಿತ್ತೋ! ಹುಡುಗಿಯರಿಗೆ ಮೊದಲು ಗಾಬರಿ, ಆಮೇಲೆ ಹುರುಪು. ಮೇಡಂ ಎಂದು ನೋಡದೆ ನಾಲ್ಕೂ ಕಡೆಯಿಂದ ಮೇಲೆ ಬಿದ್ದರು. ಎರಡು ಸಲ ಹಿಡಿದು ಕೆಡವಿದರು, ಮೂರನೆಯ ಸಲ ಇಬ್ಬರನ್ನು ಮುಟ್ಟಿ ಗೆರೆಗೆ ಬಂದೆ. ಬಿದ್ದಾಗಲೂ ಎದ್ದಾಗಲೂ ಮೆಟ್ಟಿಲ ಕಡೆ ನೋಡುತ್ತಿದ್ದೆ. ಅಲ್ಲಿ ಕೂತು ಅವಳು ನೋಡಬೇಕೆಂದು ನಾನು ಬಯಸಿದಷ್ಟು ಇನ್ನೇನನ್ನೂ ಬಯಸಿದವಳಲ್ಲ.

ಪ್ರಾಕ್ಟೀಸ್ ಮುಗಿಯುವ ಹೊತ್ತು ಎಂದೋ ದಾಟಿತ್ತು. ಅಣ್ಣ ಗೇಟಿನಿಂದ ಎರಡು ಸಲ ಹಾರ್ನ್ ಹೊಡೆದ. ಗೆರೆ ಕಾಣದಷ್ಟು ಕತ್ತಲಾಗುವವರೆಗೆ ಆಡಿದೆವು. ಅವ್ವ ಒಮ್ಮೆಯೂ ಸಾಕು ಎನ್ನಲಿಲ್ಲ.

ನಿನ್ನ ಅತ್ತೆ,
ಶೈಲಾ